ಅಡುಗೆಮನೆಗೆ ನೀವು ಹಾಕಿಸಿದ ಅಡ್ಡಗೋಡೆ

ಪ್ರೀತಿಯ ಫಕ್ಕೀರಸಾಬ ಕಾಕಾನಿಗೆ, ಹಾವೇರಿಯಿಂದ ಅರುಣಾ ಮಾಡುವ ನಮಸ್ಕಾರ.

ಬಡಿಗತನ ಬಿಟ್ಟು ಗುತ್ತಲದಲ್ಲಿ ಮಗಳ ಮನೆ ಸೇರಿದ್ದೀರಿ, ಕಣ್ಣಿಗೆ ಪೊರೆ ಬಂದಿದೆ ಎಂದು ಕೇಳಿದೆ. ಹಾಗಾಗಿ ಮಗಳು ಹಾಜಿರಾಬಿಯೇ ಇದನ್ನು ಓದಿ ಹೇಳಲಿ. ನನ್ನ ಮಾನ ಹೋಗುವ ಸಾಲುಗಳನ್ನೂ ನುಂಗದೆ ಓದಬೇಕು, ಆಯಿತೇ?

ಆರು ವರ್ಷದ ಹಿಂದೆ ಬ್ಯಾಡಗಿಯ ಮಂಗಳವ್ವನ ಮನೆ ನನ್ನ ಮೊದಲ ಕೆಲಸ. ಇಂಟೀರಿಯರ್ ಡಿಸೈನ್ ಕಲಿತು ಬೋರ್ಡು ಹಾಕಿ ತಿಂಗಳೂ ಆಗಿರಲಿಲ್ಲ. ಲಾಫ್ಟ್, ನಿಶ್, ಪಾರ್ಟಿಷನ್ ಎಂದು ನಾನು ಒದರುತ್ತಿದ್ದರೆ ಅವರು ಎಲ್ಲಕ್ಕೂ 'ಹೂಂ' ಅನ್ನುತ್ತಿದ್ದರು. ಓಪನ್ ಕಿಚನ್ ಎಂದಾಗಲೂ 'ಹೂಂ'. ನಾನೋ ಉಬ್ಬಿಹೋಗಿದ್ದೆ. ಮರುದಿನ, ಆ ಮನೆಯ ಬಡಿಗರಾಗಿದ್ದ ನೀವು ನನ್ನನ್ನು ಅಂಗಳಕ್ಕೆ ಕರೆದು, ನಕ್ಷೆಯ ಮೇಲೆ ಪೆನ್ಸಿಲ್ ಇಟ್ಟು, ಮೆಲ್ಲಗೆ ಹೇಳಿದಿರಿ: "ತಂಗಿ, ಅಡಗಿಮನಿಗೂ ಪಡಸಾಲಿಗೂ ನಡುವ ಗ್ವಾಡಿನ ಇಲ್ಲಲ್ಲ? ವರ್ಷದ ಖಾರಪುಡಿಗೆ ಮೆಣಸಿನಕಾಯಿ ಹುರಿಯೂ ಮನಿ ಇದು. ಘಾಟಿಗೆ ಮಂದಿ ಎಲ್ಲಾ ಕೆಮ್ಮಿಕೋತ ಓಣಿಗೆ ಬರ್ತಾರ."

ಆಮೇಲೆ ನೀವು ನನಗೆ ಮಾತು ಕಲಿಸಿದಿರಿ. ಲಾಫ್ಟ್ ಅಂದರೆ ಅಟ್ಟ, ಗೋಡೆಯೊಳಗಿನ ನಿಶ್ ಅಂದರೆ ಮಾಡ, ಬಾಗಿಲ ಹಿಂಜ್ ಅಂದರೆ ಬಿಜಾಗರಿ. ಒಂದು ನೋಟ್‌ಬುಕ್ಕೇ ತುಂಬಿತು. "ಅಟ್ಟದ ಮ್ಯಾಲ ಏನೇನು ಇಡ್ತೀರಿ?" ಎಂದು ಕೇಳಿದ ದಿನ ಮಂಗಳವ್ವ ಒಂದು ತಾಸು ಬಿಡದೆ ಮಾತಾಡಿದರು. ಅಲ್ಲಿಯವರೆಗೆ ಆ ಬಾಯಿ ಮುಚ್ಚಿಸಿದ್ದವಳು ನಾನೇ.

ಅಡ್ಡಗೋಡೆ ಎದ್ದಿತು. ಗೃಹಪ್ರವೇಶದ ದಿನ ಬೀಗರ ಮುಂದೆಲ್ಲ ಮಂಗಳವ್ವ, "ಆ ಗ್ವಾಡಿ ಹಾಕ್ಸಿದ್ದು ಈ ಹುಡುಗೀದ ತಲಿ ನೋಡ್ರಿ" ಅಂದರು. ನಾನು ಹಲ್ಲು ಕಿರಿದು ನಿಂತೆ. ಅಲ್ಲೇ ಬಿಜಾಗರಿಯ ಸ್ಕ್ರೂ ಬಿಗಿಯುತ್ತಿದ್ದ ನೀವು ತಲೆ ಎತ್ತಲಿಲ್ಲ. ಆ ಹೊಗಳಿಕೆಯಿಂದಲೇ ರಾಣೆಬೆನ್ನೂರಿನ ಕೆಲಸ ಸಿಕ್ಕಿತು, ಅಲ್ಲಿಂದ ನನ್ನ ಕೈ ಖಾಲಿ ಇದ್ದದ್ದಿಲ್ಲ. ಆದರೆ ಕಾಕಾ, ಹೊಸ ಮನೆ ಒಪ್ಪಿಸುವಾಗಲೆಲ್ಲ, ಅಂದು ನಿಮ್ಮ ಹೆಸರು ಹೇಳದೆ ನಿಂತದ್ದು ಚುಚ್ಚುತ್ತಿತ್ತು.

ಮೊನ್ನೆ ಸೋಮವಾರ ಬ್ಯಾಡಗಿಗೆ ಹೋಗಿ ಮಂಗಳವ್ವನ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ನಕ್ಕೇಬಿಟ್ಟರು. "ಅಯ್ಯ, ಗೊತ್ತೈತಿ ಬಿಡವ್ವಾ. ಗ್ವಾಡಿ ಬೇಕು ಅಂತ ಫಕ್ಕೀರಸಾಬಗ ಹೇಳಿದಾಕಿನ ನಾನು. ಕಲಿತಾಕಿ ನೀನು, ನಿನ್ನ ಮುಂದ ಹೇಳಾಕ ಅಂಜಿಕಿ ಆಗಿತ್ತು. 'ಹುಡುಗೀದು ಮೊದಲನೇ ಕೆಲಸ, ನಾಕು ಮಂದಿ ಮುಂದ ಅಕಿ ಹೆಸರ ಹೇಳ್ರಿ' ಅಂತ ಅಂವನ ನನಗ ಹೇಳಿದ್ದ."

ನಾನು ಕದ್ದೆ ಎಂದುಕೊಂಡಿದ್ದ ಹೆಸರನ್ನು ನೀವೇ ಕೊಟ್ಟಿದ್ದಿರಿ. ಬಸ್ಸಿನಲ್ಲಿ ಹಾವೇರಿ ಮುಟ್ಟುವವರೆಗೂ ಅಳುತ್ತ ನಗುತ್ತ ಬಂದೆ, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಆಫೀಸಿಗೆ ಹೊಸದಾಗಿ ಮೇಘಾ ಸೇರಿದ್ದಾಳೆ. ನೀವು ಕಲಿಸಿದ ಮಾತುಗಳ ಆ ನೋಟ್‌ಬುಕ್ಕಿನ ಮೇಲೆ ಇಷ್ಟು ವರ್ಷ ನನ್ನ ಹೆಸರಿತ್ತು. ಇಂದು ರಟ್ಟು ಹಾಕಿಸಿ, ನಿಮ್ಮ ಹೆಸರು ಬರೆದು, ಆಕೆಯ ಕೈಗೆ ಕೊಟ್ಟೆ.

ಕಣ್ಣಿನ ಆಪರೇಷನ್ ಬೇಗ ಮಾಡಿಸಿಕೊಳ್ಳಿ. ನನ್ನದೇ ಮನೆಯ ನಕ್ಷೆ ಹಾಕುತ್ತಿದ್ದೇನೆ, ಅಡುಗೆಮನೆಯ ಗೋಡೆಗೆ ಗೆರೆ ಎಳೆಯದೆ ಬಿಟ್ಟಿದ್ದೇನೆ. ಬರುವಾಗ ಪೆನ್ಸಿಲ್ ತನ್ನಿ.

ನಿಮ್ಮ ಕಣ್ಣು ತಿಳಿಯಾಗಲಿ, ಕೈ ಗಟ್ಟಿಯಿರಲಿ ಎಂದು ಹಾರೈಸುವ,
ನಿಮ್ಮ ಹುಡುಗಿ
ಅರುಣಾ