ಮನಿ ಸಾಲು, ಪ್ಯಾಟಿ ಸಾಲು

ಭೀಮಸಿ ಕಾಕಾ,

ನಿಪ್ಪಾಣಿಯ ಹಾಸ್ಟೆಲಿನಿಂದ ನಿಮ್ಮ ಶುಭಾಂಗಿಯ ನಮಸ್ಕಾರ. ಅಕ್ಷರ ನೋಡಿ ಬೈಯಬೇಡಿ. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿದ್ದು ಇಂಗ್ಲಿಷಿನಲ್ಲೇ ಬರೆದೂ ಬರೆದೂ ನನ್ನ ಕನ್ನಡ ಅಕ್ಷರಗಳು ಮಳೆಯಲ್ಲಿ ನೆಂದ ಕೋಳಿಗಳ ಹಾಗೆ ಆಗಿವೆ. ಆದರೂ ಇದನ್ನು ನೀವೇ ಓದಬೇಕು. ಫೋನಿನಲ್ಲಿ ಏನಾದರೂ ಮುಖ್ಯವಾದದ್ದು ಶುರು ಮಾಡಿದರೆ ಸಾಕು, "ಹೂಂ ಹೂಂ, ತಗೋ, ನಿಮ್ಮ ಕಾಕೂ ಮಾತಾಡ್ತಾಳ" ಅಂತ ಶೇವಂತಾ ಕಾಕೂ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಅಪ್ಪ ಕೆಲಸ ಮಾಡುವ ಬಸ್ ಡಿಪೋದ ಕಂಡಕ್ಟರ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ರವಿವಾರದೊಳಗೆ ನಮ್ಮೂರು ಅಂಕಲಿಗೆ ಮುಟ್ಟಬೇಕು.

ಸೋಮವಾರ ಮಾತ್ರ ನೀವಾಗಿಯೇ ಫೋನ್ ಮಾಡಿದಿರಿ. ಸದಲಗಾ ಕಡೆಯ ವಿಶ್ವಾಸ, ಊರೂರು ತಿರುಗಿ ತರಕಾರಿ ಸಸಿ ಮಾರುವವನು, ಹೊಲಕ್ಕೆ ಬಂದಿದ್ದನಂತೆ. ಎಲ್ಲಿಂದಲೋ ಹೊಸ ಬದನೆ ಸಸಿ ತರಿಸುತ್ತಾನಂತೆ. ಆ ಗಿಡದ ಕುಡಿಯನ್ನೋ ಕಾಯಿಯನ್ನೋ ಕಡಿದ ಹುಳ ತಾನೇ ಸಾಯುತ್ತದಂತೆ, ಹುಳದ ಎಣ್ಣಿ ಹೊಡೆಯುವುದೇ ಬೇಡವಂತೆ. ರವಿವಾರ ಸಸಿ ಇಳಿಸುತ್ತಾನೆ, ಅಷ್ಟರಲ್ಲಿ ಹೂಂ ಅಥವಾ ಉಹೂಂ ಹೇಳಬೇಕು. ಇಷ್ಟು ಹೇಳಿ ನೀವು ಕೇಳಿದಿರಿ: "ನೀ ಕಾಲೇಜಿನ್ಯಾಗ ಇದನ್ನ ಓದಾಕತ್ತೀಯಲ್ಲವಾ ಶುಭಾ, ಹೇಳ ಮತ್ತ. ಆ ಬದನಿ ಅಗಿ ಮನಿ ಸಾಲಿಗೆ ಹಚ್ಚಲೋ, ಪ್ಯಾಟಿ ಸಾಲಿಗೆ ಹಚ್ಚಲೋ?"

ಹಿಂದಿನಿಂದ ಕಾಕೂ ಕೂಗಿದ್ದೂ ಕೇಳಿಸಿತು. "ಎಣ್ಣಿ ಪಂಪ ಬೆನ್ನಿಂದ ಇಳೀತಂದ್ರ ಬೆನ್ನ ನೆಟ್ಟಗಾಗಿ ಇನ್ನೊಂದ ಲಗ್ನಾ ಮಾಡ್ಕೋತಾರ ನೋಡ ನಿಮ್ಮ ಕಾಕಾ!" ನೀವು ನಕ್ಕಿರಿ. ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತಿನವರೆಗೂ ನಿಲ್ಲಲೇ ಇಲ್ಲ. ನಾನು "ವಿಚಾರ ಮಾಡಿ ಹೇಳ್ತೀನ್ರಿ" ಅಂದು ಫೋನ್ ಇಟ್ಟೆ. ಆವತ್ತಿನಿಂದ ನನಗೆ ಊಟ ಸರಿಯಾಗಿ ಸೇರುತ್ತಿಲ್ಲ.

ಮನಿ ಸಾಲು. ಈ ಮಾತನ್ನು ಇಲ್ಲಿ ಯಾರಿಗೂ ತಿಳಿಸಿ ಹೇಳಲಾಗುವುದಿಲ್ಲ. ಕಾಲುವೆಯ ಆಚೆ ಪೇಟೆಗೆಂದು ಬೆಳೆಯುವ ಅರ್ಧ ಎಕರೆ ಪ್ಯಾಟಿ ಸಾಲು, ಈಚೆ ಬದುವಿನ ಪಕ್ಕ ಮನೆಯ ಊಟಕ್ಕೆಂದು ನಾಲ್ಕಾರು ಗಿಡಗಳ ಮನಿ ಸಾಲು. ಆ ಕಡೆ ವಾರಕ್ಕೊಮ್ಮೆ, ಹುಳ ಹೆಚ್ಚಾದರೆ ಎರಡು ಸಲ ಎಣ್ಣಿ. ಕೀಟನಾಶಕಕ್ಕೆ ನಾವು ಎಣ್ಣಿ ಅನ್ನುತ್ತೇವೆ, ತಲೆಗೆ ಹಚ್ಚಿಕೊಳ್ಳುವಂಥದ್ದೇನೋ ಎಂಬ ಹಾಗೆ. ಈ ಕಡೆ ಒಂದು ಹನಿಯೂ ಇಲ್ಲ. ಕಾಕೂ ಮನಿ ಸಾಲಿನ ಕಾಯಿಯನ್ನು ಹೆಚ್ಚಿ ಉಪ್ಪುನೀರಿಗೆ ಹಾಕಿದರೆ ಬಿಳಿ ಹುಳ ತೇಲಿ ಬರುತ್ತಿತ್ತು. ಅದನ್ನು ಬೆರಳ ತುದಿಯಿಂದ ತೆಗೆದು ಕೋಳಿಗೆ ಎಸೆದು, ಉಳಿದದ್ದನ್ನು ಎಣಗಾಯಿ ಮಾಡುತ್ತಿದ್ದಳು. ತೂತಿದ್ದ ಕಾಯಿ ನಮ್ಮವರಿಗೆ, ಮಿಂಚುವ ಕಾಯಿ ಪರರಿಗೆ. ಜಗತ್ತು ಇರುವುದೇ ಹೀಗೆ ಅಂತ ನಾನು ತಿಳಿದುಕೊಂಡಿದ್ದೆ.

ಐದನೇ ಇಯತ್ತೆಯಲ್ಲಿ ಹಾಸ್ಟೆಲಿಗೆ ಬಂದ ಮೊದಲ ವಾರ ಮೆಸ್ಸಿನಲ್ಲಿ ಬದನೆಕಾಯಿ ಪಲ್ಯ ಬಡಿಸಿದರು. ತಿರುವಿ ತಿರುವಿ ನೋಡಿದೆ, ಒಂದು ಹೋಳಿನಲ್ಲೂ ತೂತಿನ ಗುರುತಿಲ್ಲ. ತಟ್ಟೆ ದೂರ ಸರಿಸಿ ಅಳತೊಡಗಿದೆ. ಪಕ್ಕದಲ್ಲಿ ಕುಳಿತಿದ್ದ, ಆಗಿನಿಂದಲೂ ನನ್ನ ರೂಮ್‌ಮೇಟ್ ಅಲ್ಫಿಯಾ ಬಿದ್ದು ಬಿದ್ದು ನಕ್ಕಳು. "ಹುಳಾ ಇಲ್ಲಂತ ಅಳಾಕತ್ತೀಯೇನ ಬೇ? ನಾವೆಲ್ಲಾ ಹುಳಾ ಇದ್ರ ಅಳ್ತೀವಿ!" ನಾನೂ ನಕ್ಕೆ. ಆದರೆ ನಮ್ಮ ಹೊಲದ ಕಾಲುವೆ ದಾಟಿ ನಾನು ಆ ಕಡೆ ಬಂದುಬಿಟ್ಟಿದ್ದೇನೆ ಎನ್ನುವುದು ಆ ತಟ್ಟೆಯ ಮುಂದೆ ನನಗೆ ಗೊತ್ತಾಯಿತು.

ಈಗ ಕಾಲೇಜಿನಲ್ಲಿ ಇದೇ ವಿಷಯದ ಮೇಲೆ ಡಿಬೇಟ್ ಇದೆ, ಕಾಕಾ. ಕುಲಾಂತರಿ ಆಹಾರ ಬೇಕೋ ಬೇಡವೋ. ಬೇಕು ಅನ್ನುವ ಕಡೆ ಅಲ್ಫಿಯಾ, ಬೇಡ ಅನ್ನುವ ಕಡೆ ನಾನು. ಚೀಟಿ ಎತ್ತಿ ಕಡೆ ಹಂಚಿದ್ದು, ನನ್ನನ್ನು ಯಾರೂ ಕೇಳಲಿಲ್ಲ. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯ ಗುಣವನ್ನು ತೆಗೆದು ಬದನೆಗೆ ಸೇರಿಸಿದ್ದಾರೆ. ಅದು ಹುಳದ ಹೊಟ್ಟೆಯಲ್ಲಿ ವಿಷವಾಗುತ್ತದೆ, ಮನುಷ್ಯರ ಹೊಟ್ಟೆಯಲ್ಲಿ ಆಗುವುದಿಲ್ಲ ಅನ್ನುತ್ತಾರೆ. ಬಾಂಗ್ಲಾದೇಶದಲ್ಲಿ ರೈತರು ಬೆಳೆಯುತ್ತಿದ್ದಾರೆ, ಜನ ತಿನ್ನುತ್ತಿದ್ದಾರೆ. ನಮ್ಮಲ್ಲಿ ಇನ್ನೂ ಪರವಾನಗಿ ಇಲ್ಲ. ಪರೀಕ್ಷೆ ಸಾಲದು, ನಾಟಿ ತಳಿಗಳು ಕಲಬೆರಕೆಯಾಗುತ್ತವೆ, ಬೀಜ ನಮ್ಮ ಕೈತಪ್ಪುತ್ತದೆ ಅನ್ನುವವರಿದ್ದಾರೆ. ನನ್ನ ಪಾಯಿಂಟುಗಳೆಲ್ಲ ಅವೇ. ಕನ್ನಡಿಯ ಮುಂದೆ ನಿಂತು ಪ್ರಾಕ್ಟೀಸ್ ಮಾಡುತ್ತೇನೆ. "ವಿಷವನ್ನು ನಮ್ಮ ತಟ್ಟೆಗೆ ತರಬೇಡಿ" ಅನ್ನುವ ಸಾಲಿಗೆ ಬಂದ ಕೂಡಲೇ ಕನ್ನಡಿಗೆ ಬೆನ್ನು ತಿರುಗಿಸುತ್ತೇನೆ. ಆಗ ಕಣ್ಣ ಮುಂದೆ ಬರುವುದು ಹೋದ ಶ್ರಾವಣ.

ಆ ದಿನ ಗಾಳಿ ತಿರುಗಿತ್ತು. ಮೂಗಿಗೆ ಟಾವೆಲ್ ಸುತ್ತಿಕೊಂಡು ನೀವು ಪ್ಯಾಟಿ ಸಾಲಿನಲ್ಲಿ ಪಂಪ್ ಹೊಡೆಯುತ್ತಿದ್ದಿರಿ. ನಾನು ಬದುವಿನ ಮೇಲೆ ಕುಳಿತು ಮೊಬೈಲ್ ನೋಡುತ್ತಿದ್ದೆ. ಸದ್ದು ನಿಂತಿತಲ್ಲ ಅಂತ ತಲೆ ಎತ್ತಿದರೆ ನೀವು ಕಾಲುವೆಯ ದಂಡೆಯಲ್ಲಿ ಮೊಣಕಾಲೂರಿದ್ದಿರಿ. ಬಾಯಿಂದ ಜೊಲ್ಲು, ಕಣ್ಣಿನ ಗೊಂಬೆ ಸಾಸಿವೆಯಷ್ಟು. ಚಿಕ್ಕೋಡಿಯ ದವಾಖಾನೆಗೆ ಹೋಗುವ ದಾರಿಯುದ್ದಕ್ಕೂ ನೀವು ತೊದಲುತ್ತ ಹೇಳಿದ್ದು ಒಂದೇ ಮಾತು: "ಮನಿ ಸಾಲಿಗೆ ಗಾಳಿ ಬಡದಿಲ್ಲಲ್ಲ? ಶೇವಂತಾಗ ಹೇಳ, ಇವತ್ತ ಕಾಯಿ ಹರೀಬ್ಯಾಡಂತ."

ನಿಮ್ಮ ಪ್ರಾಣದ ಚಿಂತೆ ನಿಮಗಿರಲಿಲ್ಲ, ನಮ್ಮ ತಟ್ಟೆಯದಿತ್ತು. ಇನ್ನು ಎಣ್ಣಿ ಮುಟ್ಟಬಾರದು ಅಂತ ಡಾಕ್ಟರು ಹೇಳಿದರು. ಕಪ್ಪಿನಿಂದ ಬಸಿಗೆ ಸುರಿದ ಚಹಾ ನಿಲ್ಲದಷ್ಟು ಕೈ ನಡುಗಿದರೂ ದೀಪಾವಳಿ ಮುಗಿಯುತ್ತಲೇ ನೀವು ಮತ್ತೆ ಪಂಪ್ ಎತ್ತಿದಿರಿ. ಕೇಳಿದರೆ, "ಹುಳಾ ಡಾಕ್ಟರನ ಮಾತ ಕೇಳತೈತೇನ?"

ಆದ್ದರಿಂದ ಬೇಡ ಅನ್ನುವುದು ನನಗೆ ಸುಲಭವಲ್ಲ, ಕಾಕಾ. ಬೇಡ ಅಂದರೆ ಆ ಪಂಪನ್ನು ನಾನೇ ಎತ್ತಿ ನಿಮ್ಮ ಬೆನ್ನಿಗೆ ಹಾಕಿದ ಹಾಗೆ. ನಿನ್ನೆ ಅಲ್ಫಿಯಾಗೆ ಇದನ್ನೆಲ್ಲ ಹೇಳಿದೆ. ಅವಳು ತನ್ನ ಪಾಯಿಂಟ್ ಗೆದ್ದೆ ಅಂತ ಕುಣಿಯಲಿಲ್ಲ. ತನ್ನ ಪಾಯಿಂಟುಗಳ ಹಾಳೆ ಮಡಚಿ ಬದಿಗಿಟ್ಟಳು. ಆಮೇಲೆ, "ನಿಮ್ಮ ಕಾಕಾ ಕೇಳಿದ್ದು ಬೇಕೋ ಬ್ಯಾಡೋ ಅಂತಲ್ಲ, ಯಾವ ಸಾಲಿಗೆ ಅಂತ. ಅದಕ್ಕ ಉತ್ತರಾ ಕೊಡ ನೀ" ಅಂದಳು.

ಕೊಡುತ್ತೇನೆ. ತಪ್ಪಿದ್ದರೆ ಬೈಯಿರಿ.

ವಿಶ್ವಾಸ ತರುವ ಸಸಿಯನ್ನು ಯಾವ ಸಾಲಿಗೂ ಹಚ್ಚಬೇಡಿ. ಅದು ವಿಷ ಅಂತ ನಾನು ಹೇಳುತ್ತಿಲ್ಲ. ವಿಷವೋ ಅಲ್ಲವೋ ಎಂದು ಆಣೆ ಮಾಡಿ ಹೇಳುವಷ್ಟು ನಾನು ಓದಿಲ್ಲ. ಆದರೆ ಅವನ ಟ್ರೇಯಲ್ಲಿರುವುದು ನಿಜವಾಗಿ ಯಾವ ಸಸಿ ಎನ್ನುವುದು ಅವನಿಗೂ ಗೊತ್ತಿಲ್ಲ. ಕಳ್ಳದಾರಿಯಲ್ಲಿ ಬಂದದ್ದು, ನಾಳೆ ಏನಾದರೂ ಆದರೆ ಹೊಣೆ ಹೊರಲು ಯಾರೂ ಇರುವುದಿಲ್ಲ. ಇನ್ನೊಂದು ಮಾತು. ಪ್ಯಾಟಿ ಸಾಲಿಗಷ್ಟೇ ಹಚ್ಚೋಣ ಅಂದರೂ ಆಗದು. ನಡುವೆ ಇರುವುದು ಒಂದು ಕಾಲುವೆ. ನಾವು ದಾಟಬಾರದು ಅಂತ ಇಟ್ಟುಕೊಂಡ ಗೆರೆ ಅದು, ಜೇನುಹುಳಕ್ಕೆ ಗೆರೆಯಲ್ಲ. ಆ ಹೂವಿನ ಪರಾಗ ಈ ಹೂವಿಗೆ ಬಂದೇ ಬರುತ್ತದೆ. ಕಾಕೂ ಪ್ರತಿವರ್ಷ ಬೂದಿ ಹಚ್ಚಿ ಇಡುವ ಮನಿ ಸಾಲಿನ ಬೀಜದೊಳಗೆ ಅದು ಸೇರಿದರೆ ಮತ್ತೆ ಬೇರ್ಪಡಿಸಲು ಬರುವುದಿಲ್ಲ. ಮುಂದೊಂದು ದಿನ ಪರೀಕ್ಷೆಯಾಗಿ, ಪರವಾನಗಿ ಬಂದು, ಹೆಸರು ಬರೆದ ಚೀಲದಲ್ಲಿ ಅದು ಅಂಗಡಿಗೆ ಬಂದರೆ, ಮೊದಲು ಮನಿ ಸಾಲಿಗೇ ಹಚ್ಚೋಣ. ಮೊದಲ ಎಣಗಾಯಿ ನಾನು ತಿನ್ನುತ್ತೇನೆ.

ಆದರೆ ಯಾವ ಸಾಲಿಗೂ ಬೇಡ ಅನ್ನುವ ಈ ಮಾತನ್ನು ಎಣ್ಣಿಗೂ ಹೇಳಬೇಕಲ್ಲ? ಮನಿ ಸಾಲಿಗೆ ಬೇಡವಾದದ್ದು ಪ್ಯಾಟಿ ಸಾಲಿಗೂ ಬೇಡ. ಬಾಡಿದ ಕುಡಿಗಳನ್ನು ಚಿವುಟಿ ಸುಟ್ಟರೆ ಒಳಗಿನ ಹುಳವೂ ಸಾಯುತ್ತದೆ. ಗಂಡು ಪತಂಗಗಳು ಬಂದು ಬೀಳುವ ಬಲೆಗಳನ್ನು ನಮ್ಮ ಕಾಲೇಜಿನ ತೋಟದಲ್ಲಿ ಕಟ್ಟಿದ್ದಾರೆ, ನಾನೂ ಕಟ್ಟಲು ಕಲಿತಿದ್ದೇನೆ. ಪೂರ್ತಿ ಹುಳ ಹೋಗುವುದಿಲ್ಲ, ಸುಳ್ಳು ಹೇಳಲಾರೆ. ಎಷ್ಟೋ ಕಾಯಿ ತೂತಾಗುತ್ತವೆ, ಪೇಟೆಯಲ್ಲಿ ಮೂಗು ಮುರಿಯುತ್ತಾರೆ. ಈ ಹಂಗಾಮು ಮುಗಿಯುವವರೆಗೆ ಪ್ರತಿ ರವಿವಾರ ಮೊದಲ ಬಸ್ಸಿಗೆ ಬರುತ್ತೇನೆ. ನಡುಗುವ ಕೈಯಲ್ಲೂ ಕುಡಿ ಚಿವುಟಬಹುದು, ನೀವು ಒಂದು ಸಾಲು ಹಿಡಿಯಿರಿ, ನಾನೊಂದು. ವಿಶ್ವಾಸ ಬಂದಾಗ ನಾನೂ ಅಲ್ಲೇ ಇರುತ್ತೇನೆ.

ಪಂಪ್ ಮಾತ್ರ ಎತ್ತಬೇಡಿ, ಕಾಕಾ. ನಮ್ಮ ತಟ್ಟೆಗೆ ಎಣ್ಣಿಯ ಗಾಳಿ ಬಡಿಯಬಾರದು ಅಂತ ದವಾಖಾನೆಯ ದಾರಿಯಲ್ಲೂ ಹೆದರಿದವರು ನೀವು. ನಾನೀಗ ಉಣ್ಣುತ್ತಿರುವುದು ಪ್ಯಾಟಿ ಸಾಲಿನದು. ಕಾಲುವೆಯ ಆ ಕಡೆ ಪರರಿದ್ದಾರೆ ಅಂದುಕೊಂಡಿದ್ದಿರಲ್ಲ, ಅಲ್ಲಿ ತಟ್ಟೆ ಹಿಡಿದು ನಿಂತವಳು ನಾನೇ.

ನಿಮ್ಮ ಕೆಮ್ಮು ನಿಲ್ಲಲಿ, ಬಸಿಯ ಚಹಾ ತುಳುಕದಿರಲಿ, ಮತ್ತು ಕಾಕೂ ಹೆದರುವಷ್ಟು ನಿಮ್ಮ ಬೆನ್ನು ನೆಟ್ಟಗಾಗಲಿ.

ರವಿವಾರ ತೂತಿದ್ದ ಕಾಯಿ ತೆಗೆದಿಡಲು ಹೇಳಿ.

ನಿಮ್ಮ ಮನಿ ಸಾಲಿನವಳೇ ಆದ,
ಶುಭಾಂಗಿ