ನೂರ ಮೂವತ್ತು ಹಳದಿ, ಒಂದು ಕೆಂಪು

ಖಾರ್‌ಫು ಹಳ್ಳಿ, ಮೊಂಗಾರ್ ಜಿಲ್ಲೆ, ಭೂತಾನ
ಬೆಂಕಿ-ಹಂದಿ ವರ್ಷ, ನಾಲ್ಕನೇ ತಿಂಗಳ ಹದಿನೆಂಟು
(ನಿಮ್ಮ ಆಫೀಸಿನ ಲೆಕ್ಕದಲ್ಲಿ 2007ರ ಜೂನ್ 3)

ಪ್ರೀತಿಯ ಮಗ ಕೆಜಂಗ್,

ಮೊದಲು ನಿನ್ನ ಕಾಲಿನ ಸಮಾಚಾರ ಹೇಳು. ಅರಮನೆಯ ಬಾಗಿಲಲ್ಲಿ ಪಹರೆ ನಿಂತು ನಿಂತು ಪಾದ ಊದಿಕೊಳ್ಳುತ್ತದೆ ಎಂದು ಹೋದ ಸಲ ನೀನು ಬರೆದಿದ್ದೆ. ಅದನ್ನು ಕೇಳಿದಾಗಿನಿಂದ ನಿನ್ನ ಅಮ್ಮನಿಗೆ ಊಟ ಸೇರುತ್ತಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಉಣ್ಣುತ್ತಾಳೆ, ಆದರೆ ಉಣ್ಣುವಾಗ ನಿನ್ನ ಕಾಲಿನ ಮಾತೇ ಆಡುತ್ತಾಳೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲು ಅದ್ದಬೇಕಂತೆ. ನನ್ನ ಮಂಡಿ ಎಂದಿನಂತೆ ಮಳೆ ಬರುವುದನ್ನು ಒಂದು ದಿನ ಮುಂಚೆ ಹೇಳುತ್ತಿದೆ. ಮೆಕ್ಕೆಜೋಳ ಮೊಣಕಾಲೆತ್ತರ ಬಂದಿದೆ. ಕರಿ ಹಸು ಕರು ಹಾಕಿದೆ, ಹೆಣ್ಣು ಕರು. ಈ ಸಲ ಮೆಣಸಿನಗಿಡಕ್ಕೆ ಹುಳ ಬಿದ್ದಿಲ್ಲ. ಇಷ್ಟು ಒಳ್ಳೆಯ ಸುದ್ದಿ.

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿರುವುದನ್ನು ನೋಡಿ ನಗಬೇಡ. ನಿನಗೆ ಬರುವ ಪತ್ರಗಳನ್ನೆಲ್ಲ ನಿನ್ನ ಮಗಳು ದೇಚೆನ್ ರಜೆಗೆ ಬಂದಾಗ ಬರೆಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಹೇಳುತ್ತಿದ್ದೆ. ಈ ಸಲದ ವಿಷಯ ಅವಳದೇ ಆದ್ದರಿಂದ ನಾನೇ ಕೂತಿದ್ದೇನೆ. ಚಿಕ್ಕಂದಿನಲ್ಲಿ ಮಠದಲ್ಲಿ ಕಲಿತ ನಾಲ್ಕಕ್ಷರ ಮುಪ್ಪಿನಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಅಭ್ಯಾಸದ ಚುನಾವಣೆ ಮುಗಿಯಿತು. ಅಲ್ಲೂ ನಡೆದಿರುತ್ತದೆ, ಆದರೆ ಇಲ್ಲಿ ಹೇಗಾಯಿತು ಎಂಬುದನ್ನು ನೀನು ತಿಳಿಯಬೇಕು. ದೊರೆ ತಾನಾಗಿ ರಾಜ್ಯಭಾರವನ್ನು ನಮ್ಮ ಕೈಗೆ ಕೊಡುತ್ತಾನೆ ಎಂದಾಗ ಊರಿಗೆ ಊರೇ ಅತ್ತದ್ದು ನಿನಗೆ ಗೊತ್ತು. ಕರುವಿಗೆ ಹಾಲು ಬಿಡಿಸಿದ ಹಾಗಾಯಿತು ನಮಗೆ. ಇಷ್ಟು ವರ್ಷ ಮನೆಗೊಬ್ಬರು ಊರಸಭೆಯಲ್ಲಿ ಕೂತು, ಮುಖ್ಯಸ್ಥ ಗುಪ್ ಎತ್ತಿದ ಕಡೆ ಕೈ ಎತ್ತಿ, ಆರಾ ಹೆಂಡ ಕುಡಿದು ಎದ್ದು ಬರುತ್ತಿದ್ದವರು ನಾವು. ಈಗ ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಬೇರೆ ಬೇರೆ ಓಟು, ಅದೂ ಪರದೆಯ ಹಿಂದೆ. ಓಟು ನಡೆಸಲು ಬಂದ ಅಧಿಕಾರಿಯನ್ನೇ ನಿನ್ನ ಅಮ್ಮ ಕೇಳಿದಳು: ‘ಗಂಡನಿಗೂ ಹೇಳಬಾರದಾ ಸ್ವಾಮಿ? ನಲವತ್ತೈದು ವರ್ಷದಲ್ಲಿ ನಾನು ಅವರಿಗೆ ಹೇಳದೆ ಮಾಡಿದ್ದು ಏನೂ ಇಲ್ಲವಲ್ಲ.’ ಅದು ನಿಜವಲ್ಲ, ಬಿಡು.

ಮೊದಲ ಸುತ್ತಿನಲ್ಲಿ ನಾಲ್ಕು ಬಣ್ಣದ ಪಕ್ಷಗಳಿದ್ದವು. ಪಕ್ಷವೂ ಸುಳ್ಳು, ಗೆದ್ದರೆ ಸಿಗುವ ಕುರ್ಚಿಯೂ ಸುಳ್ಳು, ಬರೀ ಕೈ ಪಳಗಲಿ ಎಂದು. ಎರಡನೇ ಸುತ್ತಿಗೆ ಉಳಿದದ್ದು ಹಳದಿ ಮತ್ತು ಕೆಂಪು. ಹಳದಿಯೆಂದರೆ ನಮ್ಮ ಹಳೆಯ ನಡೆನುಡಿ, ಕೆಂಪು ಎಂದರೆ ರಸ್ತೆ, ಕಾರ್ಖಾನೆ. ಅಭ್ಯರ್ಥಿಗಳಾಗಿ ದೂರದ ಶಾಲೆಯಿಂದ ಮಕ್ಕಳನ್ನು ಕರೆಸಿ ನಿಲ್ಲಿಸಿದರು. ಚೀಟಿ ಎತ್ತಿದಾಗ ನಮ್ಮ ದೇಚೆನ್‌ಗೆ ಬಂದದ್ದು ಕೆಂಪು. ಹಳದಿ ದೊರೆಯ ಬಣ್ಣ. ಅವನ ಹೆಗಲ ಮೇಲಿನ ಶಾಲಿನ ಬಣ್ಣ. ಅದರ ಎದುರು ಬೆರಳು ಎತ್ತುವವರು ಯಾರು? ಮನೆ ಮನೆಗೆ ಹೋಗಿ ‘ಕಣ್ಮುಚ್ಚಿಕೊಂಡು ಹಳದಿ ಒತ್ತಿ’ ಎಂದು ಹೇಳಿಬಂದವನು ಬೇರೆ ಯಾರೂ ಅಲ್ಲ, ನಿನ್ನಪ್ಪ. ದೇಚೆನ್‌ಗೆ ಕೋಪ ಬರಲಿಲ್ಲ. ‘ಮೆಮೆ, ನೀನು ನನ್ನ ಎದುರಾಳಿ, ಇವತ್ತು ನಿನಗೆ ಚಹಾ ಇಲ್ಲ’ ಎಂದು ಈ ಅಜ್ಜನ ಮುಖ ನೋಡಿ ನಕ್ಕಳು, ಚಹಾ ಕೊಟ್ಟಳು.

ಓಟಿನ ದಿನ ನೂರ ಮೂವತ್ತೊಂದು ಜನ ಒಳ್ಳೆಯ ಬಟ್ಟೆ ಉಟ್ಟು, ಶಾಲು ಹೊದ್ದು ಸಾಲು ನಿಂತೆವು. ಕೆಲವರು ಯಂತ್ರಕ್ಕೆ ಬಗ್ಗಿ ನಮಸ್ಕಾರವನ್ನೂ ಮಾಡಿದರಂತೆ. ಸಂಜೆ ಅಧಿಕಾರಿ ಓದಿದ: ಹಳದಿ ನೂರ ಮೂವತ್ತು, ಕೆಂಪು ಒಂದು. ಅವನಿಗೇಕೋ ಆ ಒಂದು ಕಂಡು ಖುಷಿಯೇ ಆಯಿತು. ಆದರೆ ನಮ್ಮ ಗುಪ್ ಥಿನ್ಲೆಯ ಮುಖ ಕಪ್ಪಿಟ್ಟಿತು. ಐದು ಹಳ್ಳಿಯ ಮುಖ್ಯಸ್ಥ, ಅವನ ಊರಿನಿಂದಲೇ ದೊರೆಯ ಬಣ್ಣದ ವಿರುದ್ಧ ಒಂದು ಓಟು! ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಎಲ್ಲರ ಎದುರೇ ಬೈದ. ಯಾರದೆಂದು ಕೇಳುವಂತಿಲ್ಲ, ಕಾನೂನು ಒಪ್ಪುವುದಿಲ್ಲ ಎಂದು ಅಧಿಕಾರಿ ಗದರಿಸಿ, ಮಾರನೆಯ ದಿನ ಯಂತ್ರ ಹೊರಿಸಿಕೊಂಡು ಹೊರಟ. ಅವನು ಸೇತುವೆ ದಾಟುವ ಮೊದಲೇ ಊರು ಕೇಳಲು ಶುರುಮಾಡಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಮುಟ್ಟಿ ನೋಡಿಕೊಂಡೆ ಮಗನೇ. ಆ ಒಂದು ಓಟು ನನ್ನದು.

ಬೆರಳು ಜಾರಲಿಲ್ಲ, ಕಣ್ಣೂ ಮಂಜಾಗಿರಲಿಲ್ಲ. ಓಟಿಗೆ ನಾಲ್ಕು ದಿನ ಮುಂಚೆ ಬಿಲ್ಲಾಟದ ಬಯಲಿನಲ್ಲಿ ಮಕ್ಕಳ ಭಾಷಣವಾಯಿತು. ದೇಚೆನ್ ತನಗೆ ಬರೆದು ಕೊಟ್ಟಿದ್ದ ಭಾಷಣದ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು: ‘ಖಾರ್‌ಫುವಿನಿಂದ ರಸ್ತೆಗೆ ಗಟ್ಟಿಯಿದ್ದೋರು ಏಳು ಗಂಟೆಯಲ್ಲಿ ಹೋಗ್ತಾರೆ. ಕಾಯಿಲೆಯೋರನ್ನ ಬೆನ್ನ ಮೇಲೆ ಹೊತ್ತರೆ ಹನ್ನೊಂದು ಗಂಟೆ. ಆ ನಾಲ್ಕು ಗಂಟೆ ಯಾರಿಗೆ ಬೇಕೋ ಅವರು ನನಗೆ ಓಟು ಹಾಕಿ.’ ಅಷ್ಟೇ ಹೇಳಿ ಇಳಿದಳು. ಜನ ಚಪ್ಪಾಳೆ ತಟ್ಟಿ ಆಟ ನೋಡಲು ಹೋದರು. ಆ ಹನ್ನೊಂದು ಯಾರ ಗಂಟೆಗಳೆಂದು ನನಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ನಿನ್ನ ಚೋಕಿಯನ್ನು ಹೆರಿಗೆ ನೋವಿನಲ್ಲಿ ಬಿದಿರಿನ ಕುರ್ಚಿಗೆ ಕಟ್ಟಿ ನಾವು ನಾಲ್ಕು ಜನ ಸರದಿಯ ಮೇಲೆ ಹೊತ್ತದ್ದು, ಹದಿನಾಲ್ಕರ ದೇಚೆನ್ ಬಿಸಿನೀರಿನ ಫ್ಲಾಸ್ಕ್ ಹಿಡಿದು ಹಿಂದೆ ನಡೆದದ್ದು. ರಸ್ತೆ ಸೇರಿದ ಮೇಲೆ ನಿನ್ನ ಹೆಂಡತಿ ಹೋದಳು ಎಂದು ನಿನಗೆ ಹೇಳಿಕಳಿಸಿದ್ದೆವು. ಸುಳ್ಳು ಕೆಜಂಗ್. ರಸ್ತೆ ಕಾಣುವ ತಿರುವಿಗೆ ಬಂದಾಗ ಅವಳು ನನ್ನ ಬೆನ್ನ ಮೇಲಿದ್ದಳು, ಆಗಲೇ ತಣ್ಣಗಾಗಿದ್ದಳು. ದೂರದಲ್ಲಿರುವವನಿಗೆ ಅಷ್ಟಾದರೂ ಸಮಾಧಾನ ಇರಲಿ ಎಂದು ಹಾಗೆ ಹೇಳಿದೆವು. ನನ್ನನ್ನು ಕ್ಷಮಿಸು.

ಪರದೆಯ ಹಿಂದೆ ನಿಂತಾಗ ಹಳದಿಯ ಮೇಲೇ ಬೆರಳಿಟ್ಟೆ. ಆಗ ದೊರೆಯ ಮಾತೇ ನೆನಪಾಯಿತು. ನಿಮ್ಮ ಮನಸ್ಸಿಗೆ ಬಂದದ್ದನ್ನು ಒತ್ತಿ ಎಂದು ತಾನೇ ಅವನು ಊರೂರಿಗೆ ಜನ ಕಳಿಸಿ ಹೇಳಿಸಿದ್ದು? ನನ್ನ ಮನಸ್ಸಿನಲ್ಲಿ ಚೋಕಿ ಇದ್ದಳು. ಕೆಂಪು ಒತ್ತಿದೆ. ದೊರೆಯ ಮಾತನ್ನು ಆ ದಿನ ಸರಿಯಾಗಿ ಕೇಳಿದವನು ನಾನೊಬ್ಬನೇ ಎಂದು ನನಗೆ ಈಗಲೂ ಅನ್ನಿಸುತ್ತದೆ, ಆದರೆ ಇದನ್ನು ಥಿನ್ಲೆಗೆ ಹೇಳಲು ಹೋದರೆ ಅವನಿಗೆ ಜ್ವರ ಬರುತ್ತದೆ.

ಆಮೇಲೆ ನಾನು ಮಾಡಿದ್ದು ಹೇಡಿ ಕೆಲಸ. ಬಾಯಿ ಮುಚ್ಚಿಕೊಂಡು ಕೂತೆ. ಕಾವಲುಪಡೆಯಲ್ಲಿರುವ ಮಗನ ಮನೆಯಿಂದಲೇ ದೊರೆಯ ಬಣ್ಣಕ್ಕೆ ಎದುರು ಓಟು ಬಿತ್ತು ಎಂದು ನಿನ್ನ ಮೇಲಿನವರ ಕಿವಿಗೆ ಬಿದ್ದರೆ ನಿನ್ನ ಗತಿ ಏನು ಎಂಬ ಭಯ. ನಾನು ಹೀಗೆ ಕೂತಿರುವಾಗ ಊರು ದೇಚೆನ್ ಮೇಲೆ ಬಿತ್ತು. ಕೆಂಪಿಗೆ ನಿಂತವಳೇ ಕೆಂಪು ಒತ್ತಿರಬೇಕು, ಇನ್ಯಾರು? ನೀರಿನ ತೊಟ್ಟಿಯ ಹತ್ತಿರ ಹೆಂಗಸರು ಅವಳಿಗೆ ಕೇಳಿಸುವಂತೆ ‘ತನ್ನ ಬೆನ್ನು ತಾನೇ ತಟ್ಟಿಕೊಂಡಳಂತೆ’ ಎಂದು ನಕ್ಕರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ನಾಚಿಕೆಗೇಡು ಏನಿದೆ? ಬಡಿಸುವ ಸೌಟು ಕೈಗೆ ಬಂತೆಂದು ಮೊದಲು ತನ್ನ ತಟ್ಟೆಗೇ ಸುರಿದುಕೊಂಡ ಹಾಗೆ. ಅವಳು ಗುಡಿಗೆ ಹೋಗಿ, ದೀಪ ಹಚ್ಚಿ, ತಾನು ಒತ್ತಿದ್ದು ಹಳದಿಯೇ ಎಂದು ಎಲ್ಲರೆದುರು ಆಣೆ ಮಾಡಿದಳು. ಹುಡುಗಿ ಆಣೆಯಿಟ್ಟು ಸುಳ್ಳು ಹೇಳುವವಳಲ್ಲ ಎಂದು ಊರು ನಂಬಿತು. ಹಾಗಾದರೆ ಯಾರೋ ಮುದುಕರ ಬೆರಳು ಜಾರಿದೆ ಎಂದು ತೀರ್ಮಾನವಾಯಿತು.

ನಗೆಗೆ ಬಗ್ಗದ ಹುಡುಗಿ ಆ ತೀರ್ಮಾನಕ್ಕೆ ಮುರಿದುಬಿದ್ದಳು. ಶಾಲೆಗೆ ಮರಳುವ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದಾಳೆ. ‘ಹನ್ನೆರಡು ವರ್ಷ ಓದಿ ಆಡಿದ ಮಾತು ಒಬ್ಬರ ಕಿವಿಗೂ ಹೋಗಲಿಲ್ಲ. ಬಿದ್ದದ್ದೊಂದು, ಅದೂ ಬೆರಳು ಜಾರಿ. ಇನ್ನು ಓದಿ ಏನು ಮಾಡ್ಲಿ, ಹಸು ಕಾಯ್ತೀನಿ’ ಎನ್ನುತ್ತಾಳೆ. ದೇಶದ ದೊಡ್ಡ ಸಭೆಗೆ ನಿಲ್ಲಲು ಪದವಿ ಬೇಕಂತೆ, ಈ ಕಣಿವೆಯಲ್ಲಿ ಪದವಿ ಇರುವವರು ಇಬ್ಬರೇ, ನೀನು ಮೂರನೆಯವಳಾಗು ಎಂದು ಆ ಅಧಿಕಾರಿ ಅವಳಿಗೆ ಹೇಳಿಹೋಗಿದ್ದ. ಈಗ ಪರೀಕ್ಷೆಗೆ ಆರು ತಿಂಗಳಿರುವಾಗ ಹೀಗೆ. ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಅವಳ ಪಕ್ಕ ಕೂತು ಹೇಳಿದೆ, ಆ ಓಟು ನನ್ನದು ಕಣೆ ಎಂದು. ಅವಳು ತಲೆ ಎತ್ತಲೂ ಇಲ್ಲ. ‘ಮನೆ ಮನೆಗೆ ಹೋಗಿ ಹಳದಿ ಅಂದವನು ನೀನು. ಸುಮ್ಮನೆ ಸಮಾಧಾನ ಮಾಡಬೇಡ ಮೆಮೆ’ ಎಂದಳು.

ಅದಕ್ಕೇ ನಿನ್ನೆಯ ಊರಸಭೆಯಲ್ಲಿ ಎದ್ದು ನಿಂತೆ. ಶಾಲು ಸರಿಮಾಡಿಕೊಂಡು, ಕೆಂಪು ಒತ್ತಿದವನು ನಾನು, ಏನು ಮಾಡುತ್ತೀರೋ ಮಾಡಿ ಎಂದೆ. ಕೈಕೋಳ ಹಾಕಿದರೂ ಹಾಕಲಿ ಎಂದು ನಾನು ನಿಂತಿದ್ದರೆ ಗುಪ್ ಥಿನ್ಲೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ‘ಮೆಮೆ ಲುಂಟೆನ್ ಕೆಂಪು ಒತ್ತಿದ್ರೆ ಹೊಳೆ ಬೆಟ್ಟ ಹತ್ತುತ್ತೆ. ಮೊಮ್ಮಗಳ ಮೇಲೆ ಇಷ್ಟು ಪ್ರೀತಿ ಇರೋ ಅಜ್ಜನ್ನ ನಾನು ನೋಡಿಲ್ಲ’ ಎಂದ. ಮುದುಕಿಯರು ಕಣ್ಣೊರೆಸಿಕೊಂಡರು. ನಾನು ಬುದ್ಧನ ಮೇಲೆ ಆಣೆ ಎಂದರೆ ಪಾಪ, ಮೊಮ್ಮಗಳಿಗಾಗಿ ಸುಳ್ಳಾಣೆ ಮಾಡಿ ಪಾಪ ಕಟ್ಟಿಕೊಳ್ಳುತ್ತಾನಲ್ಲ ಎಂದು ಇನ್ನಷ್ಟು ಅತ್ತರು. ಅರವತ್ತೊಂಬತ್ತು ವರ್ಷ ಸಂಪಾದಿಸಿದ ಒಳ್ಳೆಯ ಹೆಸರು ಹೀಗೆ ನನ್ನ ಕಾಲಿಗೇ ತೊಡರಿಕೊಂಡಿತು. ಇನ್ನು ಯಾರೂ ಈ ಮಾತೆತ್ತಬಾರದು ಎಂದು ಗುಪ್ ಸಭೆ ಮುಗಿಸಿದ. ಊರಿಗೆ ಸಮಾಧಾನವಾಯಿತು, ನಿನ್ನ ನೌಕರಿಗೂ ಭಯವಿಲ್ಲ. ಮನೆಗೆ ಬರುವ ದಾರಿಯಲ್ಲಿ ದೇಚೆನ್ ನನ್ನ ಕೈ ಹಿಡಿದುಕೊಂಡು ನಡೆದಳು, ಎಂದಿಲ್ಲದ ಅಕ್ಕರೆ. ಅವಳೂ ನಂಬಲಿಲ್ಲ. ಪೆಟ್ಟಿಗೆ ಇನ್ನೂ ಅಟ್ಟದ ಮೇಲೇ ಇದೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಶಾಲೆಯಲ್ಲಿ ಹತ್ತು ದಿನ ಕಾಯುತ್ತೇವೆ ಎಂದಿದ್ದಾರೆ. ಈ ಪತ್ರ ಸೇರಿದ ಕೂಡಲೇ ನೀನು ಅವಳಿಗೆ ಬರೆ. ಅಜ್ಜ ನನಗೆ ಸುಳ್ಳು ಬರೆಯುವವನಲ್ಲ, ಓಟು ಅವನದೇ, ನಿನ್ನ ಮಾತು ಕೇಳಿಯೇ ಹಾಕಿದ್ದು ಎಂದು ಬರೆ. ನನ್ನ ಮಾತಿಗೆ ಬೆಲೆಯಿಲ್ಲ, ಅಪ್ಪನ ಮಾತಿಗೆ ಇದ್ದೀತು. ಒಂದು ಸುಳ್ಳನ್ನು ನಾಲ್ಕು ವರ್ಷ ನಂಬಿದ ನೀನು ಈ ನಿಜವನ್ನೂ ನಂಬು.

ಮೂರು ರತ್ನಗಳು ನಿನ್ನನ್ನು ಕಾಯಲಿ. ನಿಂತಲ್ಲಿ ನಿನ್ನ ಕಾಲು ಗಟ್ಟಿಯಾಗಿರಲಿ, ನೀನು ಕಾಯುವ ಬಾಗಿಲು ನೂರು ಕಾಲ ತಣ್ಣಗಿರಲಿ. ಅಮ್ಮ ಒಣಗಿದ ಚೀಸ್ ಒಂದು ಸರ ಕಟ್ಟಿ ಕಳಿಸುತ್ತಿದ್ದಾಳೆ, ಬ್ಯಾರಕ್ಕಿನವರಿಗೆಲ್ಲ ಹಂಚಿ ಖಾಲಿಮಾಡಬೇಡ ಎಂದಿದ್ದಾಳೆ.

ನಿನ್ನ ಅಪ್ಪ,
ಲುಂಟೆನ್

ಮರೆತ ಮಾತು: ಅಪಾ, ಇದು ದೇಚೆನ್. ಇಂಗ್ಲಿಷಿನಲ್ಲಿ ವಿಳಾಸ ಬರೆಯಲು ಮೆಮೆ ಲಕೋಟೆ ಕೊಟ್ಟ. ಅನ್ನದ ಅಂಟು ಇನ್ನೂ ಹಸಿಯಿತ್ತು, ಬಿಚ್ಚಿ ಓದಿದೆ. ತಪ್ಪು, ಬೈದುಕೋ. ಟಪಾಲು ಒಯ್ಯುವ ಹೇಸರಗತ್ತೆಯವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ, ಎರಡೇ ಮಾತು. ನೀನು ನನಗೆ ಏನೂ ಬರೆಯುವುದು ಬೇಡ, ಮೆಮೆಯ ಮಾತನ್ನು ಈಗ ನಂಬಿದೆ, ಬುಧವಾರ ಶಾಲೆಗೆ ಹೊರಡುತ್ತೇನೆ. ಆ ಹನ್ನೊಂದು ಗಂಟೆಯನ್ನು ನಾನೊಬ್ಬಳೇ ಎಣಿಸಿದ್ದೆ ಎಂದುಕೊಂಡಿದ್ದೆ. ಅದನ್ನು ಬಯಲಲ್ಲಿ ನಿಂತು ಹೇಳಿದವಳು ನಾನು, ಆದರೆ ಪರದೆಯ ಹಿಂದೆ ಹೋದಾಗ ಹೆದರಿ ಹಳದಿ ಒತ್ತಿದೆ. ಅಮ್ಮನಿಗೆ ಓಟು ಹಾಕಿದ್ದು ಮೆಮೆ ಮಾತ್ರ. ಮುಂದಿನ ವರ್ಷ ನಿಜವಾದ ಚುನಾವಣೆ ಬರುತ್ತದಲ್ಲ, ರಸ್ತೆ ಮಾಡಿಸುತ್ತೇವೆ ಎನ್ನುವವರು ಯಾರೇ ಆಗಲಿ, ಈ ಊರಲ್ಲಿ ಅವರಿಗೆ ಮೆಮೆಯದೂ ನನ್ನದೂ ಎರಡು ಓಟು ಇದೆ ಎಂದು ಈಗಷ್ಟೇ ಗುಪ್ ಮನೆಗೆ ಹೋಗಿ ಹೇಳಿಬಂದೆ. ನಿನ್ನ ಹೆಸರೂ ಇನ್ನೂ ಇಲ್ಲಿನ ಓಟಿನ ಪಟ್ಟಿಯಲ್ಲೇ ಇದೆ. ನೀನು ಸೇರಿದರೆ ಮೂರು.