ಆಲೂಗಡ್ಡೆ ನೆಲಮಾಳಿಗೆಯ ಸದ್ದು

ಕೆಮಿ, ಬುಧವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಕ್ಕ,

ಬೆಳಗಿನಿಂದ ನಮ್ಮ ಯೂಸೊನ ಬ್ಯಾಂಡಿನ ಗೆಳೆಯ ಕಸ್ಪೆರಿಯ ಮನೆಯಲ್ಲಿ, ಹಬೆಸ್ನಾನದ ಸೌನಾದ ಪಕ್ಕದ ಕೋಣೆಯಲ್ಲಿ ಕೂತು, ಯೂಸೊ ತೀರಿಕೊಳ್ಳುವ ಮೊದಲು ಹಾಡಿದ ಬ್ಲ್ಯಾಕ್ ಮೆಟಲ್ ಎಂಬ ಅಬ್ಬರದ ಸಂಗೀತದ ಕ್ಯಾಸೆಟ್ ಕೇಳಿದೆ. ಗಿಟಾರು ಗರಗಸದಂತೆ ಕೊರೆಯುತ್ತದೆ. ಡ್ರಮ್ಮು ಗೋಡೆಯಾಚೆ ಯಾರೋ ಸೌದೆ ಒಡೆದಂತಿದೆ. ಎಲ್ಲದರ ಮೇಲೂ ಸುಯ್ಯೆನ್ನುವ ಸದ್ದು, ಅದರ ಹಿಂದೆಲ್ಲೋ ನನ್ನ ಮಗನ ಕಿರುಚಾಟ. ಒಳ್ಳೆಯ ಸ್ಟುಡಿಯೋದಲ್ಲಿ ಆ ಸದ್ದು ತೆಗೆಸಿ, ಅವನ ದನಿ ಚೆನ್ನಾಗಿ ಕೇಳಲಿ ಎಂದೆ.

“ತೊಳೆದು ಇಸ್ತ್ರಿ ಮಾಡಿದ್ರೆ ಅವ್ನು ಎದ್ದು ಬಂದು ಒದೀತಾನೆ, ಅಮ್ಮಾ,” ಎಂದ ಕಸ್ಪೆರಿ. “ಈ ಸದ್ದು ನಿಮ್ಮನೇಲಿ ಆಲೂಗಡ್ಡೆ ಇಡೋ ನೆಲಮಾಳಿಗೇದು. ಈ ಒರಟುತನ ಬೇಕಂತ್ಲೇ ಅಲ್ಲಿ ಹಾಡಿದ್ದು. ಇಲ್ಲಿ ಕೇಳಿ.”

ಮೂರನೇ ಹಾಡಿನ ಕೊನೆಗೆ ಕಿರುಚಾಟ ನಿಂತಿತು. ಮೇಲಿನಿಂದ ನನ್ನದೇ ದನಿ: “ಯೂಸೊ, ಕಾಫಿ ಆರ್ತಿದೆ ಕಣೋ.” ಅವನು, ಎಂದಿನ ಮೆತ್ತಗಿನ ದನಿಯಲ್ಲಿ: “ಬಂದೆ ಅಮ್ಮ.”

ಅದನ್ನು ಅಳಿಸಬೇಡಿ ಎಂದೆ.

“ಅವ್ನೇ ಅಳಿಸಿಲ್ವಲ್ಲ,” ಎಂದ.

ಮಂಡಿನೋವು ಕಡಿಮೆಯಿದೆ, ಮಾತ್ರೆ ತಪ್ಪಿಸಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳೆ ಬ್ಯಾಂಡಿನ ಹುಡುಗರು ಕ್ಯಾಸೆಟ್ಟಿನ ಅರವತ್ತು ಪ್ರತಿ ಮಾಡುತ್ತಾರೆ, ಕವರ್ ಮಡಚುವುದು ನನ್ನ ಕೆಲಸ.

ನಿನ್ನ ರೌನಿ